ಸನ್ಮಾನದ ಶಾಲು ಮತ್ತು ಒಂಬತ್ತನೇ ತರಗತಿಯ ಖಾಲಿ ಬೆಂಚು

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಕೆಲವೇ ದಿನಗಳಲ್ಲಿ ನಮ್ಮ ಮೊಹಲ್ಲಾಗಳ ಮುಖವೇ ಬದಲಾಗಿಬಿಡುತ್ತದೆ. ಮಸೀದಿ ರಸ್ತೆಯ ತಿರುವಿನಲ್ಲಿ, ಬಸ್‌ಸ್ಟ್ಯಾಂಡಿನ ಎದುರು, ಶಾದಿಮಹಲಿನ ಗೇಟಿನ ಮೇಲೆ ಬ್ಯಾನರುಗಳು ಏಳುತ್ತವೆ. ಮೇಲ್ಗಡೆ ಶಾಸಕರು, ಅವರ ಪಕ್ಕ ನಗರಸಭೆ ಸದಸ್ಯರು, ಸುತ್ತ ಕಮಿಟಿಯ ಪದಾಧಿಕಾರಿಗಳು. ಅಂಕ ಗಳಿಸಿದ ಮಕ್ಕಳನ್ನು ಹುಡುಕಬೇಕಾದರೆ ಕಣ್ಣು ಕಿರಿದು ಮಾಡಿಕೊಂಡು ಕೆಳಗಿನ ಸಾಲಿಗೆ ಇಳಿಯಬೇಕು. ಅಲ್ಲಿ ಅಂಚೆ ಚೀಟಿಯಷ್ಟು ಜಾಗದಲ್ಲಿ ಅವರು ನಿಂತಿರುತ್ತಾರೆ.

ಸಮಾರಂಭದ ಭಾಷಣಗಳೂ ನಮಗೆಲ್ಲ ಬಾಯಿಪಾಠ. ಮೊದಲು ಅವತೀರ್ಣವಾದ ಆಜ್ಞೆಯೇ 'ಇಕ್ರಾ', ಅಂದರೆ 'ಓದು' ಎಂಬುದರಿಂದ ಮಾತು ಶುರುವಾಗುತ್ತದೆ. ನಮ್ಮ ಮಕ್ಕಳು ಐಎಎಸ್, ಐಪಿಎಸ್ ಆಗಬೇಕು ಎಂಬಲ್ಲಿಗೆ ಮುಗಿಯುತ್ತದೆ. ಶಾಲು, ಹಾರ, ಫಲಕ, ಫೋಟೋ, ಕೊನೆಗೆ ಊಟ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ. ಆಮೇಲೆ ಹನ್ನೊಂದು ತಿಂಗಳು ಮೌನ. ನಮ್ಮ ತಕರಾರು ಇರುವುದು ಈ ಮೌನದ ಬಗ್ಗೆ.

ಮಕ್ಕಳ ಸಾಧನೆಯನ್ನು ಕಿರಿದು ಮಾಡುವ ಉದ್ದೇಶ ನಮಗಿಲ್ಲ. ಒಂದೇ ಕೋಣೆಯ ಮನೆಯಲ್ಲಿ, ತಾಯಿ ಬೀಡಿ ಸುತ್ತುವ ಮೊರದ ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು, ತಮ್ಮನನ್ನು ಮಲಗಿಸಿ, ನೀರು ಹಿಡಿದಿಟ್ಟು ಓದಿದ ಹುಡುಗಿ ನೂರಕ್ಕೆ ತೊಂಬತ್ತು ತೆಗೆದರೆ ಅದಕ್ಕೆ ಎಷ್ಟು ಶಾಲು ಹೊದಿಸಿದರೂ ಕಡಿಮೆಯೇ. ಆದರೆ ಆ ತೊಂಬತ್ತರಲ್ಲಿ ವೇದಿಕೆಯ ಮೇಲೆ ಕೂತವರ ಪಾಲೆಷ್ಟು? ಆಕೆ ಓದಿದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರ ಹುದ್ದೆ ಖಾಲಿ ಬಿದ್ದಿದ್ದಾಗ ಬಿಇಒ ಕಚೇರಿಯ ಮೆಟ್ಟಿಲು ಹತ್ತಿದವರು ಯಾರು? ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲದಿದ್ದಾಗ ಕೇಳಿದವರು ಯಾರು? ಶಾಲೆ ಎಲ್ಲಿದೆ ಎಂದು ಗೊತ್ತಿಲ್ಲದವರು ಫಲಿತಾಂಶದ ದಿನ ಆ ಮಗುವನ್ನು 'ನಮ್ಮ ಸಮುದಾಯದ ಹೆಮ್ಮೆ' ಎಂದು ಕರೆಯುವುದು ಬಿತ್ತದೆ ಕೊಯ್ಯಲು ಬಂದಂತೆ.

ಪ್ರೋತ್ಸಾಹ ಕೊಟ್ಟರೆ ಉಳಿದವರಿಗೂ ಹುರುಪು ಬರುತ್ತದಲ್ಲ ಎಂದು ಸಂಘಟಕರು ಕೇಳುತ್ತಾರೆ. ಆ ಉಳಿದವರ ಲೆಕ್ಕವನ್ನೇ ನೋಡೋಣ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಇಡೀ ರಾಜ್ಯದಲ್ಲಿ ತೇರ್ಗಡೆಯಾದವರು ಶೇಕಡಾ 66.14. ಹುಡುಗಿಯರಲ್ಲಿ ನೂರಕ್ಕೆ 74, ಹುಡುಗರಲ್ಲಿ ಸುಮಾರು 58. ಇದು ಎಲ್ಲ ಜಾತಿ ಧರ್ಮಗಳ ಮಕ್ಕಳ ಲೆಕ್ಕ. ಅಂದರೆ ಮೂವರಲ್ಲಿ ಒಬ್ಬ ಮಗು ಮನೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಗಲೇ ನಮ್ಮ ಶಾದಿಮಹಲಿನಲ್ಲಿ ಮೈಕು ಕೂಗುತ್ತಿರುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. 2024ರಲ್ಲಿ ಪೂರಕ ಪರೀಕ್ಷೆಯ ಪದ್ಧತಿ ಹೋಗಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ಬಂತು. 2025ರಲ್ಲಿ ಮೇ 2ಕ್ಕೆ ಫಲಿತಾಂಶ, ಮೇ 26ಕ್ಕೆ ಎರಡನೆಯ ಪರೀಕ್ಷೆ. ನಡುವೆ ಸಿಕ್ಕಿದ್ದು ಇಪ್ಪತ್ತನಾಲ್ಕು ದಿನ. ಗಣಿತ, ವಿಜ್ಞಾನಗಳಲ್ಲಿ ನಾಲ್ಕಾರು ಅಂಕಗಳಿಗೆ ಮುಗ್ಗರಿಸಿದ ಮಗುವನ್ನು ಎತ್ತಿ ನಿಲ್ಲಿಸಲು ಇಪ್ಪತ್ತನಾಲ್ಕು ದಿನ ಸಣ್ಣ ಅವಧಿಯಲ್ಲ. ಅದೇ ಶಾದಿಮಹಲು, ಅದೇ ಕುರ್ಚಿ, ಅದೇ ಫ್ಯಾನು, ಮೊಹಲ್ಲಾದಲ್ಲೇ ಇರುವ ಇಬ್ಬರು ನಿವೃತ್ತ ಮೇಷ್ಟರು, ಬಿಎಸ್ಸಿ ಮುಗಿಸಿ ಕೆಲಸ ಹುಡುಕುತ್ತಿರುವ ನಾಲ್ಕು ಹುಡುಗಿಯರು ಸಾಕಿತ್ತು. ಆದರೆ ಆ ದಿನಗಳು ಅತಿಥಿಗಳ ತಾರೀಕು ಹೊಂದಿಸುವುದರಲ್ಲಿ ಕಳೆದುಹೋಗುತ್ತವೆ. ಫೇಲಾದ ಮಗುವಿನ ಜೊತೆ ಫೋಟೋ ತೆಗೆಸಿಕೊಳ್ಳುವವರು ಯಾರೂ ಇಲ್ಲವಲ್ಲ!

ಫೇಲಾದವನಾದರೂ ಪರೀಕ್ಷೆಯ ಕೋಣೆಯವರೆಗೆ ಬಂದವನು. ಅಲ್ಲಿಗೇ ಬಾರದವರ ಕತೆ ಬೇರೆ. ಶಿಕ್ಷಣ ಹಕ್ಕಿನ ಕಾಯಿದೆಯ ರಕ್ಷಣೆ ಇರುವುದು ಎಂಟನೇ ತರಗತಿಯವರೆಗೆ. ಒಂಬತ್ತಕ್ಕೆ ಕಾಲಿಟ್ಟ ಮಗು ಆ ಛತ್ರಿಯಿಂದ ಹೊರಗೆ. 'ನೂರಕ್ಕೆ ನೂರು ಫಲಿತಾಂಶ' ಎಂದು ಗೇಟಿನ ಮೇಲೆ ಬರೆಸಿಕೊಳ್ಳುವ ಎಷ್ಟೋ ಖಾಸಗಿ ಶಾಲೆಗಳು ಮಂದಗತಿಯಲ್ಲಿ ಕಲಿಯುವ ಮಗುವನ್ನು ಒಂಬತ್ತರಲ್ಲೇ ತಡೆಯುತ್ತವೆ, ಇಲ್ಲವೇ ತಂದೆಯನ್ನು ಕರೆಸಿ ಟಿ.ಸಿ. ಕೈಗಿಡುತ್ತವೆ. ಸಮುದಾಯದ ಹೆಸರು ಹೊತ್ತ, ಜಕಾತ್ ಸದಕಾಗಳ ಹಣ ಪಡೆದ ಕೆಲವು ಶಾಲೆಗಳೂ ಈ ಚಾಳಿಯಿಂದ ಹೊರತಲ್ಲ. ಕುಂಟುವ ಕುರಿಯನ್ನು ಮಂದೆಯಿಂದ ಹೊರಗಟ್ಟಿ 'ನನ್ನ ಮಂದೆಯಲ್ಲಿ ಕುಂಟು ಕುರಿಯೇ ಇಲ್ಲ' ಎನ್ನುವ ಕುರುಬನನ್ನು ಯಾವ ಊರೂ ಮೆಚ್ಚುವುದಿಲ್ಲ. ಶಾಲೆ ಅದನ್ನೇ ಮಾಡಿದರೆ ಮಾತ್ರ ಮುಖ್ಯೋಪಾಧ್ಯಾಯರಿಗೆ ಸನ್ಮಾನ!

ಒಂಬತ್ತರಲ್ಲಿ ಬೆಂಚು ಖಾಲಿಯಾಗುವುದಕ್ಕೆ ಭಾಷೆಯೂ ಒಂದು ಕಾರಣ. ಏಳರವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಮಗುವಿಗೆ ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲದಿದ್ದರೆ ಎಂಟಕ್ಕೆ ಕನ್ನಡ ಮಾಧ್ಯಮವೇ ಗತಿ. ನಿನ್ನೆಯವರೆಗೆ 'ಮುಸಲ್ಲಸ್' ಆಗಿದ್ದದ್ದು ಇವತ್ತು ತ್ರಿಭುಜ. 'ಝಾವಿಯಾ' ಹೋಗಿ ಕೋನ, 'ಜುಗ್ರಾಫಿಯಾ' ಹೋಗಿ ಭೂಗೋಳ. ಮಗುವಿಗೆ ತ್ರಿಭುಜ ಗೊತ್ತು, ಆದರೆ ಅದರ ಹೊಸ ಹೆಸರು ಗೊತ್ತಿಲ್ಲ. ಮೇಷ್ಟರು ದಡ್ಡ ಎನ್ನುತ್ತಾರೆ, ಮಗು ನಂಬಿಬಿಡುತ್ತದೆ. ಒಂದು ಬೇಸಿಗೆ ರಜೆಯಲ್ಲಿ ಈ ಎರಡು ಭಾಷೆಗಳ ನಡುವೆ ಕಾಲುಸಂಕ ಹಾಕಿಕೊಡಬಹುದು. ಉರ್ದುವಿನ ಉಳಿವಿಗಾಗಿ ಮುಶಾಯಿರಾ ಏರ್ಪಡಿಸುವವರಿಗೂ, ಕನ್ನಡದ ಉಳಿವಿಗಾಗಿ ರಾಜ್ಯೋತ್ಸವ ಮಾಡುವವರಿಗೂ ಇದು ತಮ್ಮ ಕೆಲಸ ಎಂದು ಇನ್ನೂ ಹೊಳೆದಿಲ್ಲ.

ಹೀಗೆ ಹೊರಬಿದ್ದ ಹುಡುಗನನ್ನು ಗ್ಯಾರೇಜಿನ ಉಸ್ತಾದ್ ಕರೆದುಕೊಳ್ಳುತ್ತಾನೆ. ಅಬ್ಬಾನ ಕೈಗೆ ವಾರಕ್ಕೊಮ್ಮೆ ನಾಲ್ಕು ಕಾಸು ಸಿಗುತ್ತದೆ. ಗ್ಯಾರೇಜಿನ ಕೆಲಸ ಕೀಳಲ್ಲ, ಆದರೆ ಹದಿನಾಲ್ಕರಲ್ಲಿ ಆ ಹುಡುಗನ ಮುಂದೆ ಬೇರೆ ದಾರಿಯೇ ಇಲ್ಲವಾದದ್ದು ಅನ್ಯಾಯ. ಇತ್ತ ಅಕ್ಕ ಪಿಯುಸಿ, ಡಿಗ್ರಿ ಎಂದು ಮುಂದೆ ಹೋದರೆ 'ಇಷ್ಟು ಓದಿದವಳಿಗೆ ಗಂಡು ಎಲ್ಲಿ ತರುವುದು' ಎಂದು ಹಿರಿಯರ ಗೊಣಗಾಟ. ಗಂಡು ಓದದಿರುವುದಕ್ಕೆ ಹೆಣ್ಣಿನ ಓದನ್ನು ಕತ್ತರಿಸುವ ಈ ತರ್ಕಕ್ಕೆ ಯಾವ ದೀನಿನಲ್ಲೂ ಆಧಾರವಿಲ್ಲ.

ಹೊರಗಿನವರಿಗೂ ಒಂದು ಮಾತು ಹೇಳಬೇಕು. ಮುಸ್ಲಿಮರು ಮಕ್ಕಳನ್ನು ಮದ್ರಸಾಕ್ಕಷ್ಟೇ ಕಳಿಸುತ್ತಾರೆ ಎಂಬ ಹಳಸಲು ಮಾತಿಗೆ ಸಾಚಾರ್ ಸಮಿತಿ 2006ರಲ್ಲೇ ಉತ್ತರ ಕೊಟ್ಟಿತು. ಮದ್ರಸಾಗಳಲ್ಲೇ ಓದುವ ಮಕ್ಕಳು ನೂರಕ್ಕೆ ನಾಲ್ಕನ್ನೂ ಮೀರುವುದಿಲ್ಲ. ಅದೇ ವರದಿ ಹೇಳಿದ ಕಹಿಸತ್ಯ ಇನ್ನೊಂದಿದೆ. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಗೇ ಹೋಗಿರಲಿಲ್ಲ ಅಥವಾ ನಡುವೆ ಬಿಟ್ಟಿದ್ದರು. ಹಾಗಿದ್ದೂ 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂದರಿಂದ ಎಂಟನೇ ತರಗತಿಯವರಿಗೆ ನಿಲ್ಲಿಸಿತು. ಇದರ ವಿರುದ್ಧ ಎಷ್ಟು ಜಮಾಅತ್‌ಗಳು ಒಂದು ಮನವಿಪತ್ರವನ್ನಾದರೂ ಕೊಟ್ಟವು?

ಇಂಥ ಹೊತ್ತಿನಲ್ಲಿ 'ನಮ್ಮದೇ ಶಾಲೆ ಕಟ್ಟಿಕೊಳ್ಳೋಣ, ಬೇರೆಯವರ ಗೊಡವೆ ಬೇಡ' ಎಂಬ ಮಾತು ಕೇಳಿಬರುತ್ತದೆ. 2022ರ ಫೆಬ್ರವರಿಯಲ್ಲಿ ತಲೆವಸ್ತ್ರದ ಕಾರಣಕ್ಕೆ ಹುಡುಗಿಯರನ್ನು ಗೇಟಿನಲ್ಲೇ ನಿಲ್ಲಿಸಿದ ಮೇಲೆ ಈ ಮಾತಿಗೆ ಬಲ ಬಂದದ್ದು ಸಹಜ. ಆ ಗಾಯವನ್ನು ಯಾರೂ ಹಗುರ ಮಾಡಬಾರದು. ಸ್ವಂತ ಸಂಸ್ಥೆ ಕಟ್ಟುವ ಹಕ್ಕು ಸಂವಿಧಾನದ್ದೇ. ಭಟ್ಕಳದ ಅಂಜುಮನ್ 1919ರಲ್ಲಿ, ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರ ಅಲ್-ಅಮೀನ್ 1966ರಲ್ಲಿ ಹುಟ್ಟಿರದಿದ್ದರೆ ಎಷ್ಟೋ ಮನೆಗಳಲ್ಲಿ ಪದವೀಧರರೇ ಇರುತ್ತಿರಲಿಲ್ಲ. ಆದರೆ ಫೀಸು ಕಟ್ಟಲಾಗದ ಹಮಾಲಿಯ, ತರಕಾರಿ ಗಾಡಿಯವನ ಮಗು ಹೋಗುವುದು ಬೀದಿಯ ಸರ್ಕಾರಿ ಶಾಲೆಗೇ. ಉಳ್ಳವರು ತಮ್ಮ ಮಕ್ಕಳನ್ನು ಎತ್ತಿಕೊಂಡು ಹೊರನಡೆದರೆ ಆ ಶಾಲೆಯ ಪರ ಮಾತಾಡಲು ಉಳಿಯುವವರು ಯಾರು?

ಸಮುದಾಯ ಎಂಬ ಪದದ ಅರ್ಥ ತಿಳಿಯಬೇಕಾದರೂ ಆ ಶಾಲೆಗೇ ಹೋಗಬೇಕು. ಪ್ರತಿಭಾ ಕಾರಂಜಿಯ ಸ್ಪರ್ಧೆಗಳ ಪಟ್ಟಿ ನೋಡಿ. ಜಾನಪದ ಗೀತೆಯ ಜೊತೆ ಘಜಲ್, ಕೋಲಾಟದ ಜೊತೆ ಕವ್ವಾಲಿ, ಸಂಸ್ಕೃತ ಪಠಣದ ಜೊತೆ ಅರೇಬಿಕ್ ಪಠಣ. ಕವ್ವಾಲಿಯ ತಂಡಕ್ಕೆ ಮಕ್ಕಳು ಸಾಲದಾದಾಗ ಮಂಜುನಾಥ, ಬಸವರಾಜರು ಜಾಲಿ ಟೋಪಿ ಹಾಕಿಕೊಂಡು ಚಪ್ಪಾಳೆ ತಟ್ಟಲು ಕೂರುತ್ತಾರೆ. ಕೋಲಾಟಕ್ಕೆ ರುಕ್ಸಾನಾ ಕೋಲು ಹಿಡಿಯುತ್ತಾಳೆ. ಬಿಸಿಯೂಟದ ಸಾಲಿನಲ್ಲಿ ಎಲ್ಲರದ್ದೂ ಒಂದೇ ತಟ್ಟೆ. ಸೌಹಾರ್ದದ ಮೇಲೆ ವಿಚಾರ ಸಂಕಿರಣ ಮಾಡುವವರು ಇಲ್ಲಿಗೆ ಬಂದು ಅರ್ಧ ದಿನ ಕೂತರೆ ಸಾಕು.

ಬದ್ರ್ ಯುದ್ಧದ ಪ್ರಸಂಗವನ್ನು ನಮ್ಮ ಖತೀಬರು ಜುಮಾದಲ್ಲಿ ಹೇಳುವುದುಂಟು. ಓದುಬರಹ ಬಲ್ಲ ಸೆರೆಯಾಳುಗಳಿಗೆ ಮದೀನದ ಹತ್ತು ಮಕ್ಕಳಿಗೆ ಅಕ್ಷರ ಕಲಿಸುವುದೇ ಬಿಡುಗಡೆಯ ಬೆಲೆಯಾಗಿತ್ತು. ಕಲಿಸಿದವರು ಶತ್ರುಗಳು, ಬೇರೆ ನಂಬಿಕೆಯವರು. ವಿದ್ಯೆಗೆ ಪ್ರವಾದಿಯವರು ಬೇಲಿ ಹಾಕಲಿಲ್ಲ. ಕಲಿತ ಮಕ್ಕಳಿಗೆ ಶಾಲು ಹೊದಿಸಿದ ವರದಿಯೂ ಇಲ್ಲ. ಕಲಿಸುವ ಏರ್ಪಾಡು ಮೊದಲು, ಉಳಿದದ್ದೆಲ್ಲ ಆಮೇಲೆ.

ಆದ್ದರಿಂದ ಕಮಿಟಿಗಳ ಹಿರಿಯರಲ್ಲಿ ನಮ್ಮ ನೇರ ಬೇಡಿಕೆ ಇಷ್ಟು. ಮುಂದಿನ ಮೂರು ವರ್ಷ ಸನ್ಮಾನ ಸಮಾರಂಭ ನಿಲ್ಲಿಸಿ. ಆ ಹಣದಲ್ಲಿ ಜೂನ್ ತಿಂಗಳಿಂದಲೇ ಮೊಹಲ್ಲಾದ ಒಂದು ಕೋಣೆಯಲ್ಲಿ ಸಂಜೆ ಪಾಠ ನಡೆಸಿ, ಅದರ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿ. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಇವೆ. ಅವುಗಳ ಸಭೆಗೆ ಪೋಷಕರು, ಅದರಲ್ಲೂ ತಾಯಂದಿರು ಹೋಗುವಂತೆ ಮಾಡಿ. ಒಂಬತ್ತನೇ ತರಗತಿಯ ಹಾಜರಿ ಪುಸ್ತಕವನ್ನು ತಿಂಗಳಿಗೊಮ್ಮೆ ಮುಖ್ಯೋಪಾಧ್ಯಾಯರ ಜೊತೆ ಕೂತು ನೋಡಿ. ಹತ್ತು ದಿನ ಬಾರದ ಮಗುವಿನ ಮನೆಗೆ ಅದೇ ಸಂಜೆ ಹೋಗಿ, ಗ್ಯಾರೇಜಿನ ಉಸ್ತಾದ್‌ನ ಹತ್ತಿರವೂ ಮಾತಾಡಿ. ಜುಮಾ ಖುತ್ಬಾದ ನಂತರದ ಪ್ರಕಟಣೆಯಲ್ಲಿ ಚಂದಾದ ಲೆಕ್ಕದ ಜೊತೆ ಶಾಲೆ ಬಿಟ್ಟ ಮಕ್ಕಳ ಸಂಖ್ಯೆಯನ್ನೂ ಓದಿ, ಹೆಸರು ಮಾತ್ರ ಬೇಡ.

ಇಷ್ಟು ಮಾಡಿದ ಮೇಲೆ, ಒಂಬತ್ತಕ್ಕೆ ಸೇರಿದವರೆಲ್ಲ ಹತ್ತನ್ನು ದಾಟಿದ ವರ್ಷ, ಬೇಕಾದರೆ ಸಮಾರಂಭ ಮಾಡಿ. ಅಂದು ಬ್ಯಾನರಿನಲ್ಲಿ ಇಡೀ ತರಗತಿಯ ಫೋಟೋ ಇರಲಿ.