ಋತು ನೋಡಿ ವ್ಯಾಯಾಮ
ಜನವರಿಯಲ್ಲಿ ಶುರುವಾದ ವಾಕಿಂಗ್ ಹೋಳಿ ಹುಣ್ಣಿಮೆಯ ಹೊತ್ತಿಗೆ ನಿಂತುಹೋದರೆ ಅದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಎಷ್ಟೋ ಸಲ ನಾವು ಹಾಕಿಕೊಂಡ ವೇಳಾಪಟ್ಟಿಯೇ ಊರಿಗೆ ಒಗ್ಗುವುದಿಲ್ಲ. ಕೊಹಿನೂರ, ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಮಳೆಗಾಲದಲ್ಲಿ ಎರೆಮಣ್ಣು ಕಾಲು ಹಿಡಿಯುತ್ತದೆ. ಬೇಸಿಗೆಯಲ್ಲಿ ಹೊತ್ತು ಮೂಡುವ ಮುಂಚೆಯೇ ನಡೆಯಬೇಕು, ಮಳೆ ಬಂದಾಗ ಪಡಸಾಲೆಯಲ್ಲೇ ಸೂರ್ಯನಮಸ್ಕಾರ ಹಾಕಬೇಕು. ತೊಗರಿ ಬಿತ್ತುವ, ಜೋಳ ಕೊಯ್ಯುವ ದಿನಗಳಲ್ಲಿ ಹೊಲದ ದುಡಿಮೆಯೇ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ, ಅಂದರೆ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ. ಲಂಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ರೂಢಿ ಬೇರೂರಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ ಇನ್ನೂ ಹೆಚ್ಚು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಹಾಗಾಗಿ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಮನಸಾರೆ ಉಣ್ಣಿ. ಮರುದಿನ ಮತ್ತೆ ನಡಿಗೆಗೆ ಹೊರಡಿ. ಕಾಯಕವನ್ನು ನಿತ್ಯದ ವ್ರತವಾಗಿಸಿದ ಶರಣರ ನೆಲವಿದು. ಮೈಯ ಆರೈಕೆಯನ್ನೂ ಆ ಕಾಯಕಕ್ಕೆ ಸೇರಿಸಿಕೊಳ್ಳೋಣ, ನೆರೆಮನೆಯವರನ್ನೂ ಜೊತೆಗೆ ಕರೆಯೋಣ: ಬಾಗಿಲಲ್ಲಿ ಯಾರೋ ಕಾಯುತ್ತಿದ್ದಾರೆ ಎಂದರೆ ಹಾಸಿಗೆ ಬಿಟ್ಟೇಳುವುದು ಸುಲಭ.