ಮೀಸೆಮೀನಿನ ಆಯ್ಕೆ

ಜಲಸಸ್ಯಗಳ ನಡುವೆ ಬಿಡಲು ಮೀಸೆಮೀನನ್ನು ಕೊಳ್ಳಹೊರಟವರು ಮೊದಲು ವಿಚಾರಿಸಬೇಕಾದುದು ಅದರ ಬಣ್ಣವನ್ನಲ್ಲ, ಬೆಳೆದಾಗಿನ ಉದ್ದವನ್ನು. ಅಂಗಡಿಯಲ್ಲಿ ಬೆರಳುದ್ದವಿದ್ದ ಪ್ಲೆಕೊ ಒಂದಡಿಗೂ ಮೀರಿ ಬೆಳೆದು ಗಿಡಗಳನ್ನು ಬುಡಸಮೇತ ಕೀಳುತ್ತದೆ. ‘ಶಾರ್ಕ್’ ಎಂಬ ಬಿರುದು ಹೊತ್ತ ಪಂಗಾಸಿಯಸ್ ಒಂದು ಮೀಟರನ್ನೂ ದಾಟಬಲ್ಲುದು. ಪಾಪ, ಅದಕ್ಕೆ ಎರಡಡಿಯ ಗಾಜಿನ ತೊಟ್ಟಿ ಸೆರೆಮನೆಯೇ ಸರಿ.

ದಕ್ಷಿಣ ಅಮೆರಿಕದ ಕೋರಿಡೋರಾಸ್ ಮಾತ್ರ ಕೂಡಿಬಾಳುವ ಜೀವ. 2-3 ಅಂಗುಲದ ಈ ಸಾಧುಮೀನು ಒಂಟಿಯಾದರೆ ಅಂಜಿ ಅಡಗುತ್ತದೆ, ಆರಾದರೂ ಜೊತೆಗಿರಬೇಕು. ತಳಕ್ಕೆ ನುಣ್ಣನೆಯ ಮರಳನ್ನೇ ಹಾಸತಕ್ಕದ್ದು. ಹರಿತವಾದ ಜಲ್ಲಿಯಲ್ಲಿ ಆಹಾರವನ್ನರಸುವ ಮೀಸೆಗೆ ಗಾಯವಾದೀತು. ನಡುನಡುವೆ ಅದು ಥಟ್ಟನೆ ಮೇಲೇರಿ ಗಾಳಿ ನುಂಗುವುದನ್ನು ಕಂಡು ಮನೆಮಂದಿ ಗಾಬರಿಗೊಳ್ಳಬೇಕಾಗಿಲ್ಲ. ಆ ಗಾಳಿಯ ಪ್ರಾಣವಾಯುವನ್ನು ಅದರ ಕರುಳೇ ಹೀರಿಕೊಳ್ಳುತ್ತದೆ.

ಎಲೆಗಳ ಪಾಚಿಯನ್ನು ಮೇಯುವುದಕ್ಕೆ ಪುಟ್ಟ ಓಟೋಸಿಂಕ್ಲಸ್ ಉಂಟು. ಆದರೆ ಪಾಚಿಯೇ ಕಟ್ಟದ ಹೊಸ ತೊಟ್ಟಿಯಲ್ಲಿ ಅದಕ್ಕೆ ಉಪವಾಸವೇ ಗತಿ.