ಒಳಗಿನಿಂದ ಬಳಿದರೆ ಬೇಸ್‌ಮೆಂಟ್‌ಗೆ ನೀರು ಬರುವುದು ನಿಲ್ಲುತ್ತದೆಯೇ?

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಮತ್ತೆ ಮತ್ತೆ ಬರುತ್ತದೆ. ತೇವ ಹಿಡಿದು ಪೇಂಟ್ ಉದುರಿದ ಗೋಡೆ, ಅದಕ್ಕೆ ಬ್ರಷ್‌ನಿಂದ ಬಳಿಯುವ ಯಾವುದೋ ದ್ರಾವಣ, ಮರುಕ್ಷಣವೇ ಒಣಗಿ ಹೊಳೆಯುವ ಗೋಡೆ. ಕೆಳಗೆ 'ಇನ್ನು ಜೀವಮಾನದಲ್ಲಿ ನೀರು ಬರಲ್ಲ' ಎಂಬ ಭರವಸೆ. ಇದನ್ನು ಬೇರೆಯವರಿಗೆ ಕಳಿಸುವ ಮೊದಲು ಆ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡೋಣ.

ಬೇಸ್‌ಮೆಂಟ್ ಗೋಡೆಗೆ ನೀರು ಬರುವುದು ಸಾಮಾನ್ಯವಾಗಿ ಹೊರಗಿನ ಮಣ್ಣಿನಿಂದ, ಅದೂ ಒತ್ತಡದೊಂದಿಗೆ. 1 ಮೀಟರ್ ಆಳದ ನೀರು ತನ್ನ ತಳದಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು 1 ಟನ್ ಭಾರ ಹಾಕುತ್ತದೆ. ಗೋಡೆಯ ಹೊರಗಿನ ಮಣ್ಣಿನಲ್ಲಿ 2 ಮೀಟರ್ ಎತ್ತರಕ್ಕೆ ನೀರು ತುಂಬಿದರೆ, 10 ಮೀಟರ್ ಉದ್ದದ ಗೋಡೆಯನ್ನು ನೀರೊಂದೇ ಸುಮಾರು 20 ಟನ್ ಬಲದಿಂದ ಒಳಕ್ಕೆ ತಳ್ಳುತ್ತಿರುತ್ತದೆ. ಒಳಗಡೆ ಬಳಿದ ಪದರವನ್ನು ಈ ನೀರು ಹಿಂದಿನಿಂದ ದೂಡಿ ಗುಳ್ಳೆ ಎಬ್ಬಿಸಿ ಕಿತ್ತುಹಾಕುತ್ತದೆ. ಅದೇ ಪದರ ಹೊರಗಡೆ ಇದ್ದರೆ ನೀರೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಗೋಡೆ ಕಟ್ಟಿದ ಮೇಲೆ, ಮಣ್ಣು ತುಂಬುವ ಮೊದಲೇ ಹೊರಮೈಗೆ ವಾಟರ್‌ಪ್ರೂಫಿಂಗ್ ಮಾಡಬೇಕು ಎನ್ನುವುದು ಇದಕ್ಕೇ.

ಹಾಗೆಂದು ಒಳಗಿನಿಂದ ಮಾಡುವುದೆಲ್ಲ ಮೋಸವಲ್ಲ. ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಹರಳುಗಟ್ಟಿ ದಾರಿ ಮುಚ್ಚುವ ಸಿಮೆಂಟ್ ಆಧಾರಿತ ಉತ್ಪನ್ನಗಳಿವೆ. ಗಟ್ಟಿ ಕಾಂಕ್ರೀಟ್ ಗೋಡೆಯಲ್ಲಿ ಅವು ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ. ಆದರೆ ಅಗಲವಾಗುತ್ತಲೇ ಇರುವ ಬಿರುಕಿಗೆ ಅವು ಉತ್ತರವಲ್ಲ. ಬರೀ ಪೇಂಟ್ ಅಂತೂ ಅಲ್ಲವೇ ಅಲ್ಲ.

ಬಿಳಿ ಪುಡಿಯ ಬಗ್ಗೆಯೂ ಒಂದು ಫಾರ್ವರ್ಡ್ ಇದೆ: ಗೋಡೆ ಉಪ್ಪು ಬಿಟ್ಟರೆ ಬಿಲ್ಡರ್ ಸಮುದ್ರದ ಮರಳು ಹಾಕಿದ್ದಾನೆ ಎಂದೇ ಅರ್ಥವಂತೆ. ಹಾಗೇನಿಲ್ಲ. ಇಟ್ಟಿಗೆ, ಸಿಮೆಂಟ್, ಮಣ್ಣು, ಬೋರ್‌ವೆಲ್ ನೀರು ಎಲ್ಲದರಲ್ಲೂ ಲವಣ ಇರುತ್ತದೆ. ನೀರು ಅದನ್ನು ಕರಗಿಸಿಕೊಂಡು ಹೊರಮೈಗೆ ಬಂದು ಆರಿದಾಗ ಪುಡಿ ಉಳಿಯುತ್ತದೆ. ಹೀಗಾಗಿ ಆ ಪುಡಿ ನೀರು ಬಂದ ದಾರಿಯ ಗುರುತು. ಅದನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಒಂದಷ್ಟು ಲವಣ ಮತ್ತೆ ಕರಗಿ ಗೋಡೆಯೊಳಗೇ ಹೋಗುತ್ತದೆ.

ನೀರಿನ ಮೂಲ ಹುಡುಕುವುದು ಹೇಗೆ?

ಬಹಳ ಸಲ ಮೂಲ ನಮ್ಮ ಚಾವಣಿಯೇ. 30x40 ಅಡಿಯ ನಿವೇಶನ ಎಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅಂದಾಜು 5,500 ಲೀಟರ್ ನೀರು, ಅಂದರೆ ಒಂದು ಟ್ಯಾಂಕರ್‌ನಷ್ಟು. ಚಾವಣಿಯಿಂದ ಇಳಿಯುವ ಪೈಪಿನ ಬಾಯಿ ಗೋಡೆಯ ಬುಡದಲ್ಲೇ ಇದ್ದರೆ ಅಷ್ಟೂ ನೀರನ್ನು ನಾವೇ ಅಡಿಪಾಯಕ್ಕೆ ಸುರಿದಂತಾಯಿತು. ಆ ಪೈಪನ್ನು ದೂರಕ್ಕೆ ಒಯ್ಯುವುದು, ಮನೆಯ ಸುತ್ತಲಿನ ನೆಲ ಹೊರಕ್ಕೆ ಇಳಿಜಾರಾಗಿರುವಂತೆ ಮಾಡುವುದು, ಮಳೆನೀರಿನ ಇಂಗುಗುಂಡಿಯನ್ನು ಬೇಸ್‌ಮೆಂಟ್ ಗೋಡೆಗೆ ಅಂಟಿಸಿ ತೋಡದಿರುವುದು, ಇವು ಯಾವ ದ್ರಾವಣಕ್ಕಿಂತಲೂ ಅಗ್ಗ. ಮಲೆನಾಡು, ಕರಾವಳಿಯ ಹಳೆಯ ಮನೆಗಳನ್ನು ನೋಡಿ: ಎತ್ತರದ ಜಗಲಿ, ಅಗಲವಾದ ಸೂರು, ಮಳೆಗೆ ಮೊದಲು ಗೋಡೆಗೆ ಅಡ್ಡವಾಗಿ ಕಟ್ಟುತ್ತಿದ್ದ ಸೋಗೆಯ ತಟ್ಟಿ. ಅವರು ನೀರನ್ನು ಗೋಡೆಯ ಹತ್ತಿರಕ್ಕೇ ಬಿಡುತ್ತಿರಲಿಲ್ಲ.

ಎರಡನೇ ಶಂಕಿತ ಸಂಪ್. ಕಡು ಬೇಸಿಗೆಯಲ್ಲೂ ಗೋಡೆ ಒದ್ದೆಯಾಗಿದ್ದರೆ ಮಳೆಯನ್ನು ದೂರಿ ಪ್ರಯೋಜನವಿಲ್ಲ. ರಾತ್ರಿ ಸಂಪ್‌ಗೆ ಬರುವ ನೀರಿನ ವಾಲ್ವ್ ಮುಚ್ಚಿ, ಮೋಟರ್ ಆರಿಸಿ, ಒಳಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಅಲ್ಲೇ ಇರುವ ಸಾಧ್ಯತೆ ಹೆಚ್ಚು. (ಸಂಪ್‌ನೊಳಗೆ ಇಳಿಯಬೇಡಿ, ಮೇಲಿನಿಂದಲೇ ಮಾಡಿ.)

ಕೆಲವೊಮ್ಮೆ ಸೋರಿಕೆಯೇ ಇರುವುದಿಲ್ಲ. ತಂಪಾದ ಗೋಡೆಗೆ ಗಾಳಿಯ ತೇವ ತಾಗಿ ಹನಿಗಟ್ಟಿರುತ್ತದೆ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಟೇಪಿನಿಂದ ನಾಲ್ಕೂ ಅಂಚು ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕೂಡಿದ್ದರೆ ಅದು ಗೋಡೆಯಿಂದ ಬಂದದ್ದು, ಮುಂದೆ ಕೂಡಿದ್ದರೆ ಗಾಳಿಯದ್ದು. ಗಾಳಿಯ ತೇವಕ್ಕೆ ಎಕ್ಸಾಸ್ಟ್ ಫ್ಯಾನ್ ಸಾಕಾಗಬಹುದು.

ವಿಜಯಪುರ, ಕಲಬುರಗಿ, ಗದಗ ಕಡೆಯ ಎರೆಮಣ್ಣಿನಲ್ಲಿ ಕಥೆ ಬೇರೆ. ಆ ಮಣ್ಣು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಅಡಿಪಾಯ ಅದರ ಜೊತೆಗೇ ಏರಿಳಿದು ಗೋಡೆ ಸೀಳುತ್ತದೆ. ಅಲ್ಲಿ ಬಿರುಕಿಗೆ ಪುಟ್ಟಿ ತುಂಬಿದರೆ ಮುಂದಿನ ವರ್ಷ ಮತ್ತೆ ತುಂಬಬೇಕು. ಬುಡದ ಮಣ್ಣಿನ ತೇವ ಹೆಚ್ಚುಕಡಿಮೆಯಾಗದಂತೆ ಮನೆಯ ಸುತ್ತ ಅಗಲವಾದ ಕಾಂಕ್ರೀಟ್ ಪಟ್ಟಿ ಹಾಕಿಸಬಹುದು. ಆದರೆ ಬಿರುಕು ಬೆಳೆಯುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸುವುದೇ ಸರಿ.

ನೀರು ತುಂಬಿಬಿಟ್ಟರೆ?

ಫಾರ್ವರ್ಡ್‌ಗಳು ಹೇಳದ ಮುಖ್ಯ ಭಾಗ ಇದು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಲೇಔಟ್ ಬಳಿ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟ್‌ನಲ್ಲಿ ನಿಂತ ಮಳೆನೀರನ್ನು ಹೊರಹಾಕುವಾಗ ವಿದ್ಯುತ್ ತಗುಲಿ ಹಿರಿಯರೊಬ್ಬರೂ ಒಬ್ಬ ಬಾಲಕನೂ ಸತ್ತರು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಬೇಸ್‌ಮೆಂಟ್‌ನ ಗ್ರಂಥಾಲಯಕ್ಕೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿ ತೀರಿಕೊಂಡರು. ನೀರು ಒಳಕ್ಕೆ ನುಗ್ಗುತ್ತಿರುವಾಗ ಕಾರು ತೆಗೆಯಲು ಕೆಳಗೆ ಇಳಿಯಬೇಡಿ. ಅಪಾರ್ಟ್‌ಮೆಂಟ್‌ಗಳ ಮೀಟರ್ ಬೋರ್ಡ್ ಎಷ್ಟೋ ಕಡೆ ಬೇಸ್‌ಮೆಂಟ್‌ನಲ್ಲೇ ಇರುತ್ತದೆ. ಮುಖ್ಯ ಸ್ವಿಚ್ ಆರಿಸಲೆಂದು ನೀರಿನಲ್ಲಿ ನಡೆದು ಹೋಗುವುದೇ ಅಪಾಯ. ಬೆಸ್ಕಾಂನಂಥ ಸರಬರಾಜು ಕಂಪನಿಗೆ ಹೇಳಿ ಹೊರಗಿನಿಂದಲೇ ಸಂಪರ್ಕ ಕಡಿಸಬೇಕು.

ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಬೇಸ್‌ಮೆಂಟ್‌ನೊಳಗೆ ಇಟ್ಟು ನಡೆಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಕೊಲ್ಲುವಷ್ಟು ವಿಷ. ಇನ್ನು ಬೇಸ್‌ಮೆಂಟ್ ಪೂರ್ತಿ ತುಂಬಿದ್ದರೆ ಒಂದೇ ಸಲಕ್ಕೆ ಖಾಲಿ ಮಾಡುವ ಅವಸರ ಬೇಡ. ಒಳಗಿನ ನೀರು ಹೊರಗಿನ ಒತ್ತಡಕ್ಕೆ ಎದುರು ನಿಂತಿರುತ್ತದೆ. ಅದನ್ನು ತಟ್ಟನೆ ತೆಗೆದರೆ ಗೋಡೆ ಒಳಕ್ಕೆ ಬಾಗಬಹುದು. ದಿನಕ್ಕೆ ಮೂರನೇ ಒಂದು ಭಾಗದಷ್ಟು ತೆಗೆಯಿರಿ ಎಂಬುದು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಸಲಹೆ. ನೀರು ಇಳಿದ ಮೇಲೆ, ಸಂಪ್‌ಗೆ ಚರಂಡಿ ನೀರು ನುಗ್ಗಿತ್ತೇ ಎಂದು ನೋಡದೆ ಮೋಟರ್ ಹಾಕಬೇಡಿ. ಒಮ್ಮೆ ಹಾಕಿದರೆ ಆ ನೀರು ಮೇಲಿನ ಟ್ಯಾಂಕ್ ಸೇರಿ ಎಲ್ಲ ಮನೆಗಳ ನಲ್ಲಿಗೂ ಬರುತ್ತದೆ.